ಮೂರು ಗುಂಡೇಟು, ಹದಿಮೂರು ವರ್ಷದ ಕಾಯುವಿಕೆ

ಮಾರ್ಗರೆಟ್ ಸ್ಕಿನ್ನೈಡರ್ ಗ್ಲಾಸ್ಗೋ ನಗರದಲ್ಲಿ ಗಣಿತ ಕಲಿಸುತ್ತಿದ್ದರು. ಐರಿಷ್ ಮೂಲದ ಕುಟುಂಬ, ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. 1915ರ ಕ್ರಿಸ್‌ಮಸ್ ಹೊತ್ತಿಗೆ ಬಾಂಬಿನ ಡಿಟೊನೇಟರುಗಳನ್ನು ಟೋಪಿಯೊಳಗೆ ಅಡಗಿಸಿ ಹಡಗು ಹತ್ತಿ ಡಬ್ಲಿನ್‌ಗೆ ಸಾಗಿಸಿದ ಗಟ್ಟಿಗಿತ್ತಿ. ಮರುವರ್ಷ ಬ್ರಿಟಿಷರ ವಿರುದ್ಧ ಈಸ್ಟರ್ ದಂಗೆ ಎದ್ದಾಗ ಐರಿಷ್ ಸಿಟಿಜನ್ ಆರ್ಮಿಯ ಪರವಾಗಿ ಬಂದೂಕು ಹಿಡಿದರು. ಆಗ ಅವರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು.

ಬಾಂಬ್ ಎಸೆಯಲು ಹೆಣ್ಣುಮಗಳನ್ನು ಕಳಿಸುವುದಕ್ಕೆ ಕಮಾಂಡರ್ ಮೈಕಲ್ ಮ್ಯಾಲಿನ್ ಹಿಂಜರಿದರು. ಸ್ಕಿನ್ನೈಡರ್ ಬಿಡಲಿಲ್ಲ. ನಮ್ಮ ಗಣರಾಜ್ಯದಲ್ಲಿ ಹೆಣ್ಣು ಗಂಡು ಸಮಾನರು ಎಂದು ಘೋಷಿಸಿದ ಮೇಲೆ ಪ್ರಾಣ ಪಣಕ್ಕಿಡುವ ಹಕ್ಕೂ ಸಮಾನವೇ ಎಂದು ವಾದಿಸಿದರು. ಮ್ಯಾಲಿನ್ ಕೊನೆಗೆ ಒಪ್ಪಿದರು. ಡಬ್ಲಿನ್ನಿನ ಹಾರ್ಕೋರ್ಟ್ ಬೀದಿಯ ಕಟ್ಟಡಗಳಿಗೆ ಬೆಂಕಿ ಹಚ್ಚಲು ಸ್ಕಿನ್ನೈಡರ್ ಜೊತೆ ಹೊರಟ ತಂಡದ ಮೇಲೆ ಗುಂಡಿನ ಮಳೆ ಬಿತ್ತು. ಜೊತೆಗಿದ್ದ ಹದಿನೇಳರ ಹುಡುಗ ಫ್ರೆಡ್ ರಯಾನ್ ಅಲ್ಲೇ ಸತ್ತ. ಸ್ಕಿನ್ನೈಡರ್ ಮೈಗೆ ಮೂರು ಗುಂಡುಗಳು ಹೊಕ್ಕವು. ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿ ಬದುಕುಳಿದರು.

1922ರಲ್ಲಿ ಸ್ವತಂತ್ರ ಐರಿಷ್ ರಾಜ್ಯ ಸ್ಥಾಪನೆಯಾಯಿತು. ಮರುವರ್ಷವೇ ಗಾಯಾಳುಗಳಿಗೂ ಮಡಿದವರ ಅವಲಂಬಿತರಿಗೂ ನೆರವಾಗಲು ಸೇನಾ ಪಿಂಚಣಿ ಕಾಯ್ದೆ ಬಂತು. 1925ರಲ್ಲಿ ಸ್ಕಿನ್ನೈಡರ್ ಅರ್ಜಿ ಹಾಕಿದರು. ಗಾಯದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಕಾಯ್ದೆಯಲ್ಲಿ ಸೈನಿಕ ಎಂದರೆ ಗಂಡಸು ಮಾತ್ರ ಎಂದು ಸರ್ಕಾರದ ಕಾನೂನು ಸಲಹೆಗಾರರು ಅಭಿಪ್ರಾಯ ಕೊಟ್ಟರು, ಅರ್ಜಿ ತಿರಸ್ಕೃತವಾಯಿತು. ಗುಂಡು ಹಾರಿಸಿದವರು ನೋಡದ ಭೇದವನ್ನು ಸ್ಕಿನ್ನೈಡರ್ ಅವರದೇ ಸರ್ಕಾರ ನೋಡಿತು. ನನ್ನ ಮಟ್ಟಿಗೆ ಇದು ಆ ಹೊಸ ರಾಜ್ಯದ ಮೊದಲ ವರ್ಷಗಳ ಅತ್ಯಂತ ನಾಚಿಕೆಗೇಡಿನ ತೀರ್ಮಾನಗಳಲ್ಲೊಂದು.

ರಾಜಕೀಯವೂ ಅವರ ಪರವಾಗಿರಲಿಲ್ಲ. ಆ ರಾಜ್ಯಕ್ಕೆ ದಾರಿ ಮಾಡಿದ ಬ್ರಿಟನ್ ಜೊತೆಗಿನ ಒಪ್ಪಂದವನ್ನು ವಿರೋಧಿಸಿ, ಅದರಿಂದ ಎದ್ದ ಅಂತರ್ಯುದ್ಧದಲ್ಲಿ ಸೋತ ಬಣಕ್ಕೆ ಸೇರಿ ಜೈಲು ಕಂಡವರು ಅವರು. 1924ರ ಸೇವಾ ಪಿಂಚಣಿ ಕಾಯ್ದೆಯಂತೂ ಹೊಸ ಸರ್ಕಾರದ ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗಷ್ಟೇ ಮೀಸಲಾಗಿತ್ತು. ಒಪ್ಪಂದ ವಿರೋಧಿಗಳ ನಾಯಕ ಡಿ ವಲೇರಾ ಅಧಿಕಾರಕ್ಕೆ ಬಂದ 1932ರಲ್ಲಿ ಒಪ್ಪಂದ ವಿರೋಧಿ ಗಾಯಾಳುಗಳಿಗೂ ಬಾಗಿಲು ತೆರೆಯಿತು. 1934ರ ಸೇವಾ ಪಿಂಚಣಿ ಕಾಯ್ದೆ ಮಹಿಳಾ ಸಂಘಟನೆ ಕುಮನ್ ನಾ ಮಾನ್ ಸದಸ್ಯೆಯರನ್ನೂ ಒಳಗೊಂಡಿತು. ಆದರೂ ಹೆಂಗಸರಿಗೆ ದಕ್ಕಿದ್ದು ಪಿಂಚಣಿಯ ಐದು ದರ್ಜೆಗಳ ಪೈಕಿ ಕೊನೆಯ ಎರಡು ಮಾತ್ರ.

ಗಂಡಸರ ಪಾಡೂ ಸುಲಭವಿರಲಿಲ್ಲ. ಬ್ರಿಟಿಷರ ವಿರುದ್ಧ ಹೋರಾಡಿದ ಗುಪ್ತ ಸೇನೆಗೆ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು? ಗುಂಡು ತಗುಲಿದವರು ಬಂಧನದ ಭಯದಲ್ಲಿ ಕದ್ದುಮುಚ್ಚಿ ಚಿಕಿತ್ಸೆ ಪಡೆಯುತ್ತಿದ್ದರು. 1920ರ ಅಕ್ಟೋಬರ್‌ನಲ್ಲಿ ಡಬ್ಲಿನ್ನಿನ ಡ್ರಮ್‌ಕಾಂಡ್ರದ ಮನೆಯೊಂದರ ಮೇಲೆ ದಾಳಿ ನಡೆದಾಗ ಮೈತುಂಬ ಗಾಯಗೊಂಡು ಪಾರಾದ ಹೋರಾಟಗಾರ ಡ್ಯಾನ್ ಬ್ರೀನ್‌ರನ್ನು ಮೇಟರ್ ಆಸ್ಪತ್ರೆಯವರು ಗುಟ್ಟಾಗಿ ಉಳಿಸಿಕೊಂಡರು. ಅಂದು ಜೀವ ಉಳಿಸಿದ್ದು ದಾಖಲೆ ಇಡದ ಜಾಣತನ. ಪಿಂಚಣಿ ಕಚೇರಿ ಕೇಳಿದ್ದು ಅದೇ ದಾಖಲೆಯನ್ನು. ವೈದ್ಯಕೀಯ ಮಂಡಳಿ ಅಂಗವೈಕಲ್ಯವನ್ನು ಶೇಕಡಾವಾರು ಅಳೆಯುತ್ತಿತ್ತು. ಸೇವಾ ಪಿಂಚಣಿಗೆ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು, ಹಳೆಯ ನಾಯಕರಿಂದ ದೃಢೀಕರಣ ತರಬೇಕಿತ್ತು. ಆ ನಾಯಕ ಸತ್ತಿದ್ದರೆ, ಅಮೆರಿಕಕ್ಕೆ ವಲಸೆ ಹೋಗಿದ್ದರೆ, ಅಂತರ್ಯುದ್ಧದಲ್ಲಿ ಎದುರು ಬಣದಲ್ಲಿದ್ದರೆ ಯಾರ ಬಳಿ ಹೋಗಬೇಕು? ಸೇವಾ ಪಿಂಚಣಿಗೆ 80 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಸಿಕ್ಕಿದ್ದು ಕಾಲು ಭಾಗಕ್ಕೂ ಕಡಿಮೆ ಜನರಿಗೆ.

ಸ್ಕಿನ್ನೈಡರ್‌ಗೆ ಪಿಂಚಣಿ ಮಂಜೂರಾದದ್ದು 1938ರಲ್ಲಿ. ಆ ಹೊತ್ತಿಗೆ ಡಬ್ಲಿನ್ನಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವರು ಮುಂದೆ ಐರಿಷ್ ಶಿಕ್ಷಕರ ಸಂಘದ ಅಧ್ಯಕ್ಷೆಯಾಗಿ ಶಿಕ್ಷಕಿಯರ ವೇತನಕ್ಕಾಗಿ ಹೋರಾಡಿದರು. 1971ರಲ್ಲಿ ತೀರಿಕೊಂಡರು.

ಅವರದೂ ಸೇರಿದಂತೆ ಈ ಪಿಂಚಣಿ ಕಡತಗಳು ಐರ್ಲೆಂಡಿನ ಸೇನಾ ದಾಖಲಾಗಾರದಲ್ಲಿವೆ. 2014ರಿಂದ ಹಂತಹಂತವಾಗಿ ಅಂತರ್ಜಾಲಕ್ಕೆ ಬರುತ್ತಿವೆ. ಓದಲು ಶುಲ್ಕವಿಲ್ಲ. ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಆಸಕ್ತಿಯಿರುವವರು ಮಂಜೂರಾದ ಅರ್ಜಿಗಳ ಜೊತೆಗೆ ತಿರಸ್ಕೃತವಾದವನ್ನೂ ತೆರೆದು ನೋಡಬೇಕು.