ಮುಖಪುಟದಲ್ಲಿ ಕಾಣದ ಪಂಚಾಯಿತಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಸುತ್ತಮುತ್ತ ತೆಂಗಿನ ತೋಟಗಳನ್ನು ದಾಟಿ ಶಾಲೆಗೆ ಹೋಗುವ ಮಕ್ಕಳಿಗೆ ಪೌರನೀತಿಯ ಪ್ರಾಜೆಕ್ಟ್ ಎಂದರೆ ಮೊದಲ ಚಿಂತೆ ಮುಖಪುಟದ್ದು. ಒಳಗೇನು ಬರೆಯಬೇಕೆಂಬುದು ಆಮೇಲಿನ ಮಾತು. ಚಿತ್ರ ಬರೆಯುವ ಹವ್ಯಾಸವಿರುವುದರಿಂದ ಇಂಥ ಹಾಳೆಗಳು ನನ್ನ ಬಳಿಗೂ ಬರುತ್ತವೆ. ಪಾಠ ಯಾವುದೇ ಇರಲಿ, ಬೇಡಿಕೆ ಮೂರೇ: ಸಂಸತ್ ಭವನ, ವಿಧಾನಸೌಧ, ತ್ರಿವರ್ಣ ಧ್ವಜ. ಸಂಸತ್ತು 2023ರಲ್ಲಿ ಹೊಸ ತ್ರಿಕೋನಾಕಾರದ ಕಟ್ಟಡಕ್ಕೆ ಹೋದ ಮೇಲೂ ಮಕ್ಕಳ ಹಾಳೆಗಳಲ್ಲಿ ಹಳೆಯ ವೃತ್ತಾಕಾರದ ಕಟ್ಟಡದಲ್ಲೇ ಅಧಿವೇಶನ ನಡೆಯುತ್ತಿದೆ! ಸ್ಥಳೀಯ ಸರ್ಕಾರದ ಪಾಠಕ್ಕೂ ವಿಧಾನಸೌಧವೇ ಮುಖಪುಟ.

ಇದನ್ನು ಬರೀ ಅಲಂಕಾರದ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸಂವಿಧಾನವೇ ಚಿತ್ರಗಳೊಂದಿಗೆ ಹುಟ್ಟಿದ ಗ್ರಂಥ. 1950ರ ಜನವರಿ 24ರಂದು ಸದಸ್ಯರು ಸಹಿ ಮಾಡಿದ ಇಂಗ್ಲಿಷ್ ಪ್ರತಿಯನ್ನು ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ. ಚಿತ್ರಗಳಿಂದ ಸಿಂಗರಿಸಿದವರು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಸಂಗಡಿಗರು. ಮೊದಲ ಭಾಗಕ್ಕೆ ಸಿಂಧೂ ಕಣಿವೆಯ ಮುದ್ರೆಯ ಗೂಳಿ, ಮೂಲಭೂತ ಹಕ್ಕುಗಳ ಭಾಗಕ್ಕೆ ರಾಮ, ಸೀತೆ, ಲಕ್ಷ್ಮಣರು, ಹದಿನಾರನೆಯ ಭಾಗಕ್ಕೆ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿಯ ಲಕ್ಷ್ಮೀಬಾಯಿ. ಇಪ್ಪತ್ತೆರಡು ಭಾಗಗಳಿಗೂ ಒಂದೊಂದು ಚಿತ್ರವನ್ನು ಆಲೋಚಿಸಿ ಇಡಲಾಗಿತ್ತು.

ಆದರೆ ಆ ಪ್ರತಿಯಲ್ಲಿ ಗ್ರಾಮ ಪಂಚಾಯಿತಿಗೆಂದೇ ಮೀಸಲಾದ ಭಾಗವಿರಲಿಲ್ಲ. ಕರಡಿನಲ್ಲಿ ಪಂಚಾಯಿತಿಯ ಪ್ರಸ್ತಾಪವೇ ಇಲ್ಲದಿದ್ದಾಗ 1948ರ ನವೆಂಬರಿನಲ್ಲಿ ಕೆ. ಸಂತಾನಂ ತಂದ ತಿದ್ದುಪಡಿಯಿಂದಾಗಿ ಈಗಿನ 40ನೇ ವಿಧಿ ಸೇರಿತು. ಅದೂ ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದ ನಿರ್ದೇಶಕ ತತ್ವಗಳ ನಡುವೆ. ಒಂಬತ್ತನೆಯ ಭಾಗ ಆಗ ಬೇರೆ ಪ್ರದೇಶಗಳ ಆಡಳಿತಕ್ಕೆ ಸಂಬಂಧಿಸಿತ್ತು. ಅದರ ಚಿತ್ರ ವಿಕ್ರಮಾದಿತ್ಯನ ಆಸ್ಥಾನ. 1956ರಲ್ಲಿ ಆ ಭಾಗ ರದ್ದಾಗಿ ಜಾಗ ತೆರವಾಯಿತು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಪಂಚಾಯಿತಿಗಳಿಗೆ ದೊರೆತದ್ದು ಆ ತೆರವಾದ ಜಾಗವೇ. ನಂದಲಾಲ್ ಬೋಸ್ 1966ರಲ್ಲೇ ತೀರಿಕೊಂಡಿದ್ದರು. ರಾಜಾಸ್ಥಾನದ ಚಿತ್ರವಿದ್ದ ಭಾಗಕ್ಕೆ ಗ್ರಾಮಸಭೆ ಬಂದು ಕುಳಿತಿತು. ಅದರ ಚಿತ್ರವನ್ನು ಮಾತ್ರ ಯಾರೂ ಬರೆಯಲಿಲ್ಲ.

ಈ ಕೊರತೆ ಕರ್ನಾಟಕಕ್ಕೆ ಇನ್ನಷ್ಟು ತಟ್ಟಬೇಕು. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1983ರಲ್ಲಿ ರೂಪುಗೊಂಡ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು, ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದದ್ದು ದೇಶದ ತಿದ್ದುಪಡಿಗಿಂತ ಮೊದಲು. ಆ ನಾಡಿನ ಮಕ್ಕಳೇ ಪಂಚಾಯಿತಿಯನ್ನು ಚಿತ್ರಕ್ಕೆ ಅರ್ಹವೆಂದು ಭಾವಿಸುವುದಿಲ್ಲ. ಪಂಚಾಯಿತಿ ಕಚೇರಿಯನ್ನೇ ಬರೆಯೋಣ ಎಂದಾಗ ವಿದ್ಯಾರ್ಥಿನಿಯೊಬ್ಬಳು, 'ಅದು ಚೆನ್ನಾಗಿ ಕಾಣುವುದಿಲ್ಲ ಸಾರ್, ಅಂಕ ಬರುವುದಿಲ್ಲ' ಎಂದಳು. ಅವಳ ಲೆಕ್ಕ ತಪ್ಪಲ್ಲ. ಜೆರಾಕ್ಸ್ ಅಂಗಡಿಯ ಬಣ್ಣದ ಪ್ರಿಂಟ್‌ಗೆ ಸಿಗುವ ಮನ್ನಣೆ ಕೈಬರಹದ ಸೊಟ್ಟ ಗೆರೆಗೆ ಸಿಗುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿರುವಾಗ ಮಕ್ಕಳು ಅಪಾಯ ತೆಗೆದುಕೊಳ್ಳುವುದಾದರೂ ಹೇಗೆ?

ಸರ್ಕಾರವೆಂದರೆ ದೂರದ ಗುಮ್ಮಟ ಎಂದು ಕಲಿತ ಮಗು ಮುಂದೆ ಮನವಿ ಹಿಡಿದು ಕಾಯುವ ಪ್ರಜೆಯಾಗುತ್ತದೆಯೇ ಹೊರತು ಪ್ರಶ್ನಿಸುವ ಪೌರನಾಗುವುದಿಲ್ಲ. ಕೊಬ್ಬರಿಯ ಬೆಂಬಲ ಬೆಲೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ, ನಿಜ. ಆದರೆ ನಲ್ಲಿಯ ನೀರು, ಬೀದಿದೀಪ, ಚರಂಡಿ, ಮನೆಗಂದಾಯಗಳ ಲೆಕ್ಕ ಕೇಳಬೇಕಾದ ಕಟ್ಟಡ ಮಕ್ಕಳು ನಡೆದುಹೋಗುವ ದಾರಿಯಲ್ಲೇ ಇದೆ. ಅಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನು ಹೇಳುತ್ತದೆ. ಮಕ್ಕಳಿಗೆಂದೇ ಮಕ್ಕಳ ಗ್ರಾಮಸಭೆಯೂ ಇದೆ.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಮುಖಪುಟವನ್ನು ಮೊದಲು ಕೇಳಬೇಡಿ, ಕೊನೆಗೆ ಕೇಳಿ. ಮಕ್ಕಳು ಒಮ್ಮೆ ಸಭೆಗೆ ಹೋಗಿ, ಒಂದು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬರೆದುಕೊಂಡು ಬರಲಿ. ಆಮೇಲೆ ಕಂಡದ್ದನ್ನು ಚಿತ್ರಿಸಲಿ. ಪ್ಲಾಸ್ಟಿಕ್ ಕುರ್ಚಿಗಳು, ಸೂಚನಾ ಫಲಕ, ಹಿಂದಿನ ಸಾಲಿನಲ್ಲಿ ಎದ್ದು ನಿಂತು ಮಾತಾಡುವ ಹೆಂಗಸು: ಸಂವಿಧಾನದ ಒಂಬತ್ತನೆಯ ಭಾಗಕ್ಕೆ ಬೇಕಾದ ಚಿತ್ರ ಇದಲ್ಲದೆ ಬೇರೇನು?