ಇವ ಈಡು ತುಂಬುದು ಯಾವಾಗ?

ಕಳೆದ ರಜೆಯಲ್ಲಿ ಕೆರಾಡಿಯ ಮನೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ನೋಡ್ತಿದ್ದೆ. ಅಜ್ಜಯ್ಯ ಕವಳ ಜಗಿಯುತ್ತಾ ಹಿಂದೆ ಬಂದು ನಿಂತರು. ಹತ್ತು ನಿಮಿಷ ಸುಮ್ಮನೆ ನೋಡಿ ಒಂದೇ ಪ್ರಶ್ನೆ ಕೇಳಿದರು: “ಅಲ್ದಾ ಮಗಾ, ಇವ ಈಡ್ ತುಂಬುದ್ ಯಾವಾಗ?”

ನಗಬೇಡಿ. ವೆಸ್ಟರ್ನ್ ಸಿನಿಮಾದ ಕೋವಿಗಳ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು. ಕೆರಾಡಿ ಘಟ್ಟದ ಬುಡದ ಊರು. ಹಂದಿ, ಮಂಗನ ಕಾಟಕ್ಕೆ ಬೆಳೆ ಕಾಯಲು ಪರವಾನಗಿ ಕೋವಿ ಇಟ್ಟುಕೊಂಡ ಮನೆಗಳು ನಮ್ಮ ಕಡೆ ಹೊಸತಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಿ ಬರುವ ರಗಳೆಯೂ ಹೊಸತಲ್ಲ. ರಿಷಬ್ ಶೆಟ್ಟರು 2022ರ ‘ಕಾಂತಾರ’ವನ್ನು ತಮ್ಮ ಹುಟ್ಟೂರಾದ ಇದೇ ಕೆರಾಡಿಯಲ್ಲಿ ಚಿತ್ರೀಕರಿಸಿದಾಗ ಶಿವನ ಕೈಯ ಕೋವಿ, ರಾತ್ರಿಯ ಹಂದಿ ಬೇಟೆ ಊರಿನವರಿಗೆ ವಿಚಿತ್ರ ಅನ್ನಿಸಲಿಲ್ಲ. ಅಜ್ಜಯ್ಯ ಕಂಡದ್ದು ಕೇಪಿನ ಕೋವಿಯ ಕಾಲ. ಆ ಕೋವಿಗೆ ನಳಿಕೆಯ ಬಾಯಿಂದ ಮದ್ದು ಸುರಿಯಬೇಕು, ಕತ್ತ ತುರುಕಿ ಕಡ್ಡಿಯಲ್ಲಿ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಜಡಿಯಬೇಕು, ಕೊನೆಗೆ ಹಿಂದೆ ಕೇಪು ಸಿಕ್ಕಿಸಬೇಕು. ಒಂದು ಈಡು ತಪ್ಪಿದರೆ ಹಂದಿ ಇನ್ನೊಂದು ಈಡಿಗೆ ಕಾಯುವುದಿಲ್ಲ.

ಈಗ ಸಿನಿಮಾಕ್ಕೆ ಬನ್ನಿ. 1966ರ ಈ ಚಿತ್ರದ ಕಥೆ ನಡೆಯುವುದು 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿರುವುದು ಕೋಲ್ಟ್ 1851 ನೇವಿ ರಿವಾಲ್ವರ್. ಅಸಲಿ 1851 ನೇವಿ ನಮ್ಮ ಕೇಪಿನ ಕೋವಿಯ ದಾಯಾದಿಯೇ. ಆರು ಕೋಣೆಗೂ ಮದ್ದು, ಗುಂಡು ಬೇರೆಬೇರೆಯಾಗಿ ತುಂಬಿ, ಹಿಂದೆ ಆರು ಕೇಪು ಹಾಕಬೇಕು. ಸಿನಿಮಾದಲ್ಲಿ ಮಾತ್ರ ಹಿಂದಿನಿಂದ ತೋಟೆ ಹಾಕುವಂತೆ ಮಾರ್ಪಡಿಸಿದ ಕೋವಿ ಇದೆ. ಲೋಹದ ತೋಟೆ 1862ಕ್ಕೆ ಆಗಲೇ ಇತ್ತು, ಸರಿ. ಆದರೆ ಕೋಲ್ಟ್ ಕಂಪನಿಗೆ ಅಂಥ ರಿವಾಲ್ವರ್ ಮಾಡಲು ಆಗುತ್ತಿರಲಿಲ್ಲ. ಯಾಕೆ ಗೊತ್ತಾ? ಪೇಟೆಂಟ್! ಸಿಲಿಂಡರನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಕೊರೆಯುವ ವಿನ್ಯಾಸಕ್ಕೆ ರೋಲಿನ್ ವೈಟ್ ಎಂಬಾತ 1855ರಲ್ಲಿ ಪೇಟೆಂಟ್ ಪಡೆದಿದ್ದ. ಅದರ ಹಕ್ಕು ಸ್ಮಿತ್ ಅಂಡ್ ವೆಸನ್ ಕೈಯಲ್ಲಿತ್ತು. 1869ರಲ್ಲಿ ಅದು ಮುಗಿಯಿತು, 1873ರಲ್ಲಿ ಕೋಲ್ಟ್‌ನ ಪ್ರಸಿದ್ಧ ಸಿಂಗಲ್ ಆಕ್ಷನ್ ಆರ್ಮಿ ಬಂತು. ಒಂದು ತೂತು ಕೊರೆಯಲು ಹದಿನಾಲ್ಕು ವರ್ಷದ ಕಾಯುವಿಕೆ. ಐಪಿಆರ್ ಕ್ಲಾಸಿನಲ್ಲಿ ನಿದ್ದೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ನಿರ್ದೇಶಕರಿಗೆ ಇತಿಹಾಸ ಗೊತ್ತಿರಲಿಲ್ಲ ಅಂತ ತೀರ್ಮಾನಿಸಬೇಡಿ. ಪ್ರತಿ ಟೇಕ್‌ಗೆ ಆರು ಕೋಣೆ ಜಡಿಯುತ್ತಾ ಕೂತರೆ ಬಿಸಿಲು ಇಳಿದುಹೋಗುತ್ತದೆ. ತೋಟೆಯಾದರೆ ಅರ್ಧ ನಿಮಿಷದ ಕೆಲಸ. ಜಾನ್ ವೇಯ್ನ್ ಕೂಡ 1939ರ ‘ಸ್ಟೇಜ್‌ಕೋಚ್’ನಲ್ಲಿ ತಿರುಗಿಸುವುದು 1892ರ ವಿಂಚೆಸ್ಟರ್, ಕಥೆ ಮಾತ್ರ 1880ರ ಆಸುಪಾಸಿನದು. ಆ ಮಾದರಿಯ ಕೋವಿಗಳು ಸುಮಾರು 10 ಲಕ್ಷ ತಯಾರಾಗಿದ್ದವು, ಗಟ್ಟಿಯಾಗಿದ್ದವು. ಹಾಲಿವುಡ್‌ನವರ ಬಳಿ ‘ಫೈವ್ ಇನ್ ಒನ್’ ಎಂಬ ಖಾಲಿ ತೋಟೆಯೂ ಇತ್ತು. ರಿವಾಲ್ವರ್, ರೈಫಲ್ ಸೇರಿ ಐದು ಬಗೆಯ ಕೋವಿಗೆ ಒಂದೇ ತೋಟೆ ಹೊಂದುತ್ತಿತ್ತು. ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಟೈಪ್-ಸಿ ಚಾರ್ಜರ್ ಇದ್ದ ಹಾಗೆ.

ಇಲ್ಲೊಂದು ಮೆಕ್ಯಾನಿಕಲ್ ಸೂಕ್ಷ್ಮ ಇದೆ. ಖಾಲಿ ತೋಟೆಯಲ್ಲಿ ಗುಂಡು ಇಲ್ಲ, ಬರೀ ಮದ್ದು. ತಡೆಯುವ ಗುಂಡು ಇಲ್ಲದ್ದರಿಂದ ನಳಿಕೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಮೆಷಿನ್ ಗನ್ ಮುಂದಿನ ತೋಟೆ ಎಳೆದುಕೊಳ್ಳುವುದೇ ಅನಿಲದ ಒತ್ತಡ ಅಥವಾ ಹಿಂದೊದೆತದಿಂದ. ಹಾಗಾಗಿ ಅದರ ನಳಿಕೆಯೊಳಗೆ ಅಡ್ಡ ಕಟ್ಟಿ ಒತ್ತಡ ಹುಟ್ಟಿಸಬೇಕು, ಇಲ್ಲದಿದ್ದರೆ ಒಂದೇ ಈಡಿಗೆ ನಿಂತುಬಿಡುತ್ತದೆ. ರಿವಾಲ್ವರ್‌ಗೆ, ಲಿವರ್ ರೈಫಲ್‌ಗೆ ಈ ತಲೆಬಿಸಿ ಇಲ್ಲ. ಅವನ್ನು ಓಡಿಸುವುದು ಮನುಷ್ಯನ ಕೈ.

ಹೊಗೆ ಇನ್ನೊಂದು ಸುಳ್ಳು. ಆ ಕಾಲದ ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಘನ ಕಣಗಳಾಗಿ ಉಳಿಯುತ್ತದೆ, ಅದೇ ದಟ್ಟ ಬಿಳಿ ಹೊಗೆ. ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ ಬಂದದ್ದು 1884ರಲ್ಲಿ. ನಿಜವಾಗಿ ಹಾಗೆ ಹೊಡೆದಾಡಿದ್ದರೆ ನಾಲ್ಕು ಈಡಿಗೆ ಹೀರೋನ ಮುಖವೇ ಕಾಣುತ್ತಿರಲಿಲ್ಲ!

ನಮ್ಮ ರಾಮನಗರದ ಬಂಡೆಗಳನ್ನು ಬಿಟ್ಟರೆ ಈ ಲೇಖನಕ್ಕೆ ಶಾಪ ತಟ್ಟುತ್ತದೆ. ಭಾರತದ ಅತಿ ಪ್ರಸಿದ್ಧ ‘ವೆಸ್ಟರ್ನ್’ ಆದ 1975ರ ‘ಶೋಲೆ’ ಹುಟ್ಟಿದ್ದು ಅಲ್ಲೇ. ಗಬ್ಬರ್ ಆರು ಗುಂಡಿನ ರಿವಾಲ್ವರ್‌ನಿಂದ ಮೂರನ್ನು ಗಾಳಿಗೆ ಹಾರಿಸಿ, ಸಿಲಿಂಡರ್ ತಿರುಗಿಸಿ, ಮೂವರ ತಲೆಗೆ ಸರದಿಯಲ್ಲಿ ಹಿಡಿಯುತ್ತಾನೆ. ಮೂರೂ ಸಲ ಬರೀ ಟಿಕ್. ಸಂಭವನೀಯತೆ ಎಷ್ಟು? ಹಾರಿಸಿದ ಮೂರು ಕೋಣೆ ಪಕ್ಕಪಕ್ಕದವು. ಒಮ್ಮೆ ಮಾತ್ರ ತಿರುಗಿಸಿದರೆ ಸಿಲಿಂಡರ್ ನಿಲ್ಲಬಹುದಾದ ಆರು ಜಾಗದಲ್ಲಿ ಒಂದೇ ಒಂದು ಮೂವರನ್ನೂ ಉಳಿಸುತ್ತದೆ: 1/6. ಪ್ರತಿ ಸಲ ಬೇರೆಬೇರೆ ತಿರುಗಿಸಿದ್ದರೆ 1/8. ಗುಂಡಿರುವ ಬದಿ ಭಾರ, ಎಣ್ಣೆ ಚೆನ್ನಾಗಿದ್ದರೆ ಅದು ಕೆಳಕ್ಕೆ ವಾಲಿ ಖಾಲಿ ಕೋಣೆ ಮೇಲೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಡೈನಾಮಿಕ್ಸ್‌ನವರು ವಾದ ಮಾಡಬಹುದು. ಮಾಡಿ.

ಇಷ್ಟೆಲ್ಲ ಓದಲು ಶುರುಮಾಡಿದ್ದಕ್ಕೆ ಬೇರೆ ಕಾರಣವಿದೆ. ಫೆಸ್ಟ್‌ನ ಸ್ಕಿಟ್‌ಗೆ ಗೆಳೆಯನೊಬ್ಬ ಮನೆಯ ಕೋವಿಯನ್ನೇ ತರ್ತೇನೆ ಅಂದಿದ್ದ. “ಗುಂಡು ಹಾಕೂದಿಲ್ಲ ಮಾರಾಯ, ಬರೀ ಮದ್ದು. ಎಂತ ಆಗ್ತದೆ?” ಲೈಸೆನ್ಸ್ ಒಬ್ಬರ ಹೆಸರಿನಲ್ಲಿ, ಕೋವಿ ಇನ್ನೊಬ್ಬರ ಕೈಯಲ್ಲಿ ಅಂದರೆ ಅದೇ ಒಂದು ಕೇಸು. ಅದನ್ನು ಬಿಡಿ, ಎಂತ ಆಗ್ತದೆ ಅನ್ನುವುದಕ್ಕೆ ಉತ್ತರ ಮೂರು ಸಲ ಸಿಕ್ಕಿದೆ. 1984ರಲ್ಲಿ ನಟ ಜಾನ್-ಎರಿಕ್ ಹೆಕ್ಸಮ್ ಟೀವಿ ಧಾರಾವಾಹಿಯ ಸೆಟ್‌ನಲ್ಲಿ ಖಾಲಿ ತೋಟೆಯ ರಿವಾಲ್ವರನ್ನು ತಮಾಷೆಗೆ ತನ್ನ ಕಪಾಲಕ್ಕೆ ಹಿಡಿದು ಒತ್ತಿದ. ಗುಂಡಿರಲಿಲ್ಲ. ಅನಿಲದ ಹೊಡೆತಕ್ಕೆ ತಲೆಬುರುಡೆ ಒಡೆಯಿತು, ಆರು ದಿನಕ್ಕೆ ತೀರಿಕೊಂಡ. 1993ರಲ್ಲಿ ಬ್ರ್ಯಾಂಡನ್ ಲೀ, ಬ್ರೂಸ್ ಲೀಯ ಮಗ. ಹತ್ತಿರದ ಶಾಟ್‌ಗೆಂದು ಬಳಸಿದ ಡಮ್ಮಿ ತೋಟೆಯ ಗುಂಡು ನಳಿಕೆಯಲ್ಲಿ ಸಿಕ್ಕಿಕೊಂಡಿತ್ತು, ಯಾರೂ ನೋಡಲಿಲ್ಲ. ನಂತರ ಹಾಕಿದ ಖಾಲಿ ತೋಟೆ ಅದನ್ನು ತಳ್ಳಿತು. ಎರಡು ‘ಸೇಫ್’ ತೋಟೆ ಸೇರಿ ಒಂದು ಅಸಲಿ ಈಡು. 21 ಅಕ್ಟೋಬರ್ 2021ರಂದು ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಎಂಬ ವೆಸ್ಟರ್ನ್‌ನ ರಿಹರ್ಸಲ್‌ನಲ್ಲಿ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ಕೋಲ್ಟ್ ಮಾದರಿಯ ಪ್ರತಿಕೃತಿಯಿಂದ ಅಸಲಿ ಗುಂಡೇ ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಕೋವಿಗಳ ಉಸ್ತುವಾರಿ ಹೊತ್ತಾಕೆಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಪ್ರತಿಕೃತಿ ಅಂದರೆ ಆಟಿಕೆ ಅಂದುಕೊಂಡಿದ್ದೆ ನಾನು. ಇಟಲಿಯಲ್ಲಿ ತಯಾರಾಗುವ ಈ ಪ್ರತಿಕೃತಿಗಳು ಹಳೆಯ ನಕ್ಷೆಗೆ ಹೊಸ ಉಕ್ಕಿನಲ್ಲಿ ಮಾಡಿದ ಪೂರ್ಣ ಕೋವಿಗಳೇ. ಆಮೇಲೆ ಹಲವು ಚಿತ್ರತಂಡಗಳು ಗುಂಡು ಹಾರಿಸಲಾಗದ ಡಮ್ಮಿ ಹಿಡಿದು, ಬೆಂಕಿ ಹೊಗೆಯನ್ನು ಕಂಪ್ಯೂಟರಿನಲ್ಲಿ ಸೇರಿಸತೊಡಗಿದವು.

ನಮ್ಮ ಸ್ಕಿಟ್‌ಗೆ ಕೊನೆಗೆ ವರ್ಕ್‌ಶಾಪಿನ ಮರದ ತುಂಡು, ಅರ್ಧ ಇಂಚಿನ ಪಿವಿಸಿ ಪೈಪು, ಕಪ್ಪು ಬಣ್ಣ ಸಾಕಾಯಿತು. ಸದ್ದು ಸ್ಪೀಕರಿನಿಂದ. ಮೊದಲ ಶೋನಲ್ಲಿ ಹೀರೋ ಕುದುರೆ ಒತ್ತಿದ ಎರಡು ಸೆಕೆಂಡ್ ನಂತರ ಸದ್ದು ಬಂತು, ಅಷ್ಟರಲ್ಲಿ ವಿಲನ್ ಸತ್ತು ಮಲಗಿಯಾಗಿತ್ತು. ವೀಡಿಯೋ ಅಜ್ಜಯ್ಯನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು.

“ಇವನೂ ಈಡ್ ತುಂಬ್ಲಿಲ್ಲ,” ಅಂದರು.