ಕಾರಿನ ರಿಪೇರಿ: ಷೋರೂಮೋ, ಊರಿನ ಗ್ಯಾರೇಜೋ?

ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಿಸಿದರೂ ವಾರಂಟಿ, ಅಂದರೆ ತಯಾರಿಕೆಯ ದೋಷವನ್ನು ನಿಗದಿತ ಅವಧಿಯವರೆಗೆ ಉಚಿತವಾಗಿ ಸರಿಪಡಿಸುವ ಕಂಪನಿಯ ಭರವಸೆ, ಕೈತಪ್ಪೀತೆಂದು ಯಾದಗಿರಿ, ಶಹಾಪುರ, ಸುರಪುರಗಳ ಕಾರು ಮಾಲೀಕರು ಅಂಜುವುದು ಸಹಜ. ಆದರೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕಿಸಬೇಕೆಂದೂ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುವಂಥ ಸಾರಾಸಗಟು ಷರತ್ತು ಸಲ್ಲದೆಂದೂ ಆದೇಶಿಸಿತು. ಹಲವು ಕಂಪನಿಗಳು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದರೂ, ಗ್ರಾಹಕನ ಆಯ್ಕೆಯ ಹಕ್ಕನ್ನು ಇಷ್ಟು ಸ್ಪಷ್ಟವಾಗಿ ಎತ್ತಿಹಿಡಿದ ಆದೇಶಗಳು ವಿರಳ.

ಎರೆಭೂಮಿಯ ಈ ಸೀಮೆಯಲ್ಲಿ ಬೇಸಿಗೆಯ ನುಣ್ಣನೆಯ ಧೂಳು ಏರ್ ಫಿಲ್ಟರಿನ ಕಾಗದದ ಮಡಿಕೆಗಳಲ್ಲಿ ಕೂತು ಎಂಜಿನ್ನಿಗೆ ಗಾಳಿ ಸಾಲದಂತಾಗುತ್ತದೆ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟುಗಳಂಥ ಸವೆಯುವ ಭಾಗಗಳಿಗಾಗಿ ಕಲಬುರಗಿಯವರೆಗೆ ಹೋಗಬೇಕಿಲ್ಲ. ಹೊಸ ಭಾಗದ ಪೊಟ್ಟಣವನ್ನು ಎದುರಿಗೇ ಒಡೆದು, ಹಳೆಯದನ್ನು ಕೈಗಿತ್ತು, ಬಿಲ್ಲನ್ನೂ ಕೊಡುವ ಪಳಗಿದ ಸ್ಥಳೀಯ ಮೆಕ್ಯಾನಿಕ್ ಸಾಕು. ಏರ್‌ಬ್ಯಾಗ್, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಘಟಕ ಇವುಗಳ ದೋಷಕ್ಕೆ, ಹಾಗೆಯೇ ಕಂಪನಿಯೇ ದೋಷವನ್ನೊಪ್ಪಿ ವಾಹನಗಳನ್ನು ಹಿಂದಕ್ಕೆ ಕರೆಸಿದಾಗ ಮಾಡುವ ಉಚಿತ ದುರಸ್ತಿಗೆ, ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗುವುದು ಕ್ಷೇಮ.